ಹತ್ತು ದಿನ, ಆರು ಹೆಸರು: ಇಂಗ್ಲೆಂಡಿನ ಕಡಲಂಚಿನ ಗಾಲ್ಫ್ ಕೋರ್ಸುಗಳಲ್ಲಿ ಯಾವುದನ್ನು ಆರಿಸಬೇಕು?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯಕ್ಕೆ ಸೇರಿದವು. ವಿಜಯಪುರದ ಪತ್ರ ಚಿಕ್ಕದು, ಬೆಳಗಾವಿಯದು ಉದ್ದನೆಯದು, ಬಾಗಲಕೋಟೆಯದರಲ್ಲಿ ಸ್ವಲ್ಪ ಮುನಿಸೂ ಇದೆ. ಅದೇ ಅನುಕ್ರಮದಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಬ್ರಿಟಿಷ್ ಓಪನ್ ಗಾಲ್ಫ್ ಪಂದ್ಯವನ್ನು ಟಿ.ವಿ.ಯಲ್ಲಿ ನೋಡುವಾಗ ವಿವರಣೆ ಕೊಡುವವರು ಮಾತುಮಾತಿಗೆ ‘ಲಿಂಕ್ಸ್’ ಎನ್ನುತ್ತಾರೆ. ಅದು ಬೇರೆ ಗಾಲ್ಫ್ ಕೋರ್ಸುಗಳಿಗಿಂತ ಹೇಗೆ ಭಿನ್ನ? ಅಲ್ಲಿ ನೋಡಿದರೆ ಮರವೂ ಇಲ್ಲ, ಹಸಿರೂ ಅಷ್ಟಕ್ಕಷ್ಟೇ. ಹೀಗಿದ್ದರೂ ಅಲ್ಲಿ ಆಡಬೇಕೆಂದು ಜನ ಹಂಬಲಿಸುವುದೇಕೆ?
– ಪ್ರೌಢಶಾಲಾ ಶಿಕ್ಷಕರೊಬ್ಬರು, ವಿಜಯಪುರ

ಉತ್ತರ: ನಿಮ್ಮ ಊರಿನ ಎರೆ ಹೊಲದಿಂದಲೇ ಆರಂಭಿಸುತ್ತೇನೆ. ಒಂದು ಹದ ಮಳೆಯಾದರೆ ಸಾಕು, ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಒಂದೊಂದು ಚಪ್ಪಲಿಯೂ ಕಲ್ಲಿನಷ್ಟು ಭಾರವಾಗುತ್ತದೆ. ಹೊಲಕ್ಕೆ ಇಳಿಯಲು ಎರಡು ದಿನ ಕಾಯಬೇಕಾಗುತ್ತದೆ. ಲಿಂಕ್ಸ್ ನೆಲ ಇದಕ್ಕೆ ತೀರ ವಿರುದ್ಧವಾದದ್ದು. ಅದು ಕಡಲತೀರಕ್ಕೂ ಉಳುವ ಭೂಮಿಗೂ ನಡುವೆ ಗಾಳಿ ತಂದು ಸುರಿದ ಮರಳಿನ ಪಟ್ಟಿ. ಬಿದ್ದ ಮಳೆ ಅಲ್ಲಿ ನಿಲ್ಲದೆ ಇಂಗಿಹೋಗುತ್ತದೆ, ಸತ್ವವಿಲ್ಲದ ಕಾರಣ ಬೆಳೆ ಬರುವುದಿಲ್ಲ, ಉಪ್ಪುಗಾಳಿಗೆ ಮರ ತಲೆ ಎತ್ತುವುದಿಲ್ಲ. ಬೆಳೆಯುವುದು ಫೆಸ್ಕ್ಯೂ ಎಂಬ ಸಣ್ಣ ಎಸಳಿನ ಗಟ್ಟಿ ಹುಲ್ಲು ಮತ್ತು ದಿಬ್ಬಗಳ ಮೇಲೆ ಮರಳನ್ನು ಹಿಡಿದು ನಿಲ್ಲಿಸುವ ಮ್ಯಾರಮ್ ಎಂಬ ಉದ್ದನೆಯ ಹುಲ್ಲು ಮಾತ್ರ. ರೈತನಿಗೆ ಬೇಡವಾದ ಆ ನೆಲ ಕುರಿಗೂ ಮೊಲಕ್ಕೂ ಸಿಕ್ಕಿತು. ಅವು ಮೇಯ್ದು ನುಣುಪು ಮಾಡಿದ ಜಾಗ ಆಟಗಾರರಿಗೆ ಸಿಕ್ಕಿತು. ಹಳೆಯ ಇಂಗ್ಲಿಷಿನಲ್ಲಿ ದಿಬ್ಬ ಅಥವಾ ಏರು ಎಂಬ ಅರ್ಥದ ‘ಹ್ಲಿಂಕ್’ ಎಂಬ ಪದದಿಂದ ಈ ಹೆಸರು ಬಂದಿದೆ. ಸರಪಳಿಯ ಕೊಂಡಿಗೂ ಇದಕ್ಕೂ ಸಂಬಂಧವಿಲ್ಲ.

ನೆಲ ಗಟ್ಟಿಯಾಗಿರುವುದರಿಂದ ಚೆಂಡು ಬಿದ್ದಲ್ಲಿ ನಿಲ್ಲುವುದಿಲ್ಲ, ಪುಟಿದು ಉರುಳುತ್ತದೆ. ಮರಗಳಿಲ್ಲದ ಕಾರಣ ಗಾಳಿಗೆ ತಡೆಯಿಲ್ಲ. ಆದ್ದರಿಂದ ಲಿಂಕ್ಸ್‌ನಲ್ಲಿ ಚೆಂಡನ್ನು ಎಷ್ಟು ದೂರ ಹಾರಿಸಬೇಕೆಂಬ ಲೆಕ್ಕಕ್ಕಿಂತ ಎಲ್ಲಿ ಇಳಿಸಿ ಎಷ್ಟು ದೂರ ಉರುಳಿಸಬೇಕೆಂಬ ಲೆಕ್ಕ ದೊಡ್ಡದು. 1860ರಲ್ಲಿ ಸ್ಕಾಟ್ಲೆಂಡಿನಲ್ಲಿ ಆರಂಭವಾದ ಓಪನ್ ಇಂದಿಗೂ ಇಂಥ ನೆಲವನ್ನು ಬಿಟ್ಟು ಬೇರೆಡೆ ನಡೆದಿಲ್ಲ. ನೀವು ಹೇಳುವ ಹಸಿರಿಲ್ಲದ ಬಣ್ಣವನ್ನು ಕಾಣಬೇಕಿದ್ದರೆ 2006ರ ಓಪನ್ನಿನ ಚಿತ್ರಗಳನ್ನು ನೋಡಿರಿ. ಆ ವರ್ಷದ ಒಣ ಬೇಸಿಗೆಯಲ್ಲಿ ಲಿವರ್‌ಪೂಲ್ ಹತ್ತಿರದ ಹಾಯ್‌ಲೇಕ್ ಕೋರ್ಸು ಜೋಳದ ಕಣಿಕೆಯ ಬಣ್ಣಕ್ಕೆ ತಿರುಗಿತ್ತು. ಟೈಗರ್ ವುಡ್ಸ್ ನಾಲ್ಕು ದಿನಗಳ 72 ಹೋಲ್‌ಗಳಲ್ಲಿ (ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಒಂದೊಂದು ಹಾದಿಯೂ ಒಂದು ಹೋಲ್) ಡ್ರೈವರ್ ಎಂಬ ಅತಿ ಉದ್ದದ ಕೋಲನ್ನು ಒಂದೇ ಒಂದು ಸಲ ಹೊರತೆಗೆದು, ಉಳಿದಂತೆ ನೆಲದ ಓಟವನ್ನೇ ನಂಬಿ ಗೆದ್ದರು.

ಪ್ರಶ್ನೆ: ಮಾನ್ಯರೇ, ನಾವು ನಾಲ್ವರು ಗೆಳೆಯರು ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಹಲವು ವರ್ಷಗಳಿಂದ ಆಡುತ್ತಿದ್ದೇವೆ. ಎಲ್ಲರೂ ಅರವತ್ತು ದಾಟಿದವರು. ನಮ್ಮ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಬಿಟ್ಟುಕೊಡುವ ಹೆಚ್ಚುವರಿ ಹೊಡೆತಗಳ ಸಂಖ್ಯೆ) 16ರಿಂದ 26ರವರೆಗೆ ಇದೆ. ಒಬ್ಬರಿಗೆ ಮೊಣಕಾಲು ನೋವಿದೆ. ನನ್ನ ಮಗಳು ಮ್ಯಾಂಚೆಸ್ಟರಿನಲ್ಲಿ ಇರುವುದರಿಂದ ಮುಂದಿನ ಜೂನ್ ತಿಂಗಳಲ್ಲಿ ಹತ್ತು ದಿನ ಅಲ್ಲಿಗೆ ಹೋಗಿ ಲಿಂಕ್ಸ್ ಕೋರ್ಸುಗಳಲ್ಲಿ ಆಡಬೇಕೆಂದಿದ್ದೇವೆ. ನಾವು ಮಾಡಿಕೊಂಡ ಪಟ್ಟಿ ಹೀಗಿದೆ: ರಾಯಲ್ ಸೇಂಟ್ ಜಾರ್ಜಸ್, ರಾಯಲ್ ಬರ್ಕ್‌ಡೇಲ್, ರಾಯಲ್ ಲಿದಮ್, ಹಾಯ್‌ಲೇಕಿನ ರಾಯಲ್ ಲಿವರ್‌ಪೂಲ್, ಡೆವನ್‌ನ ಸಾಂಟನ್ ಮತ್ತು ನಾರ್ಫೋಕಿನ ಬ್ರಾಂಕಾಸ್ಟರ್. ಈ ಆರನ್ನು ಯಾವ ಕ್ರಮದಲ್ಲಿ ಆಡಿದರೆ ಅನುಕೂಲ? ಇವುಗಳಲ್ಲಿ ಯಾವುದನ್ನು ಬಿಡಬಹುದು?
– ನಿವೃತ್ತ ಬ್ಯಾಂಕ್ ಅಧಿಕಾರಿ, ಟಿಳಕವಾಡಿ, ಬೆಳಗಾವಿ

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಈ ಆರನ್ನು ಹತ್ತು ದಿನಗಳಲ್ಲಿ ಯಾವ ಕ್ರಮದಲ್ಲಿ ಜೋಡಿಸಿದರೂ ಅನುಕೂಲವಾಗುವುದಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ: ಐದನ್ನು ಬಿಡಿ.

ಬೇಸರ ಮಾಡಿಕೊಳ್ಳಬೇಡಿ, ಒಮ್ಮೆ ನಕಾಶೆ ತೆಗೆದು ನೋಡಿರಿ. ರಾಯಲ್ ಸೇಂಟ್ ಜಾರ್ಜಸ್ ಇರುವುದು ಆಗ್ನೇಯ ಮೂಲೆಯ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ. ಬರ್ಕ್‌ಡೇಲ್ ಇರುವುದು ವಾಯವ್ಯದ ಸೌತ್‌ಪೋರ್ಟ್‌ನಲ್ಲಿ. ಇವೆರಡರ ನಡುವಿನ ರಸ್ತೆ ಬೆಳಗಾವಿಯಿಂದ ಬೆಂಗಳೂರಿಗೆ ಹೋದಷ್ಟು ದೂರ. ಬ್ರಾಂಕಾಸ್ಟರ್ ಪೂರ್ವದ ಕರಾವಳಿಗೆ, ಸಾಂಟನ್ ನೈಋತ್ಯಕ್ಕೆ. ನೀವು ಬರೆದು ಕಳಿಸಿದ್ದು ಪ್ರವಾಸದ ಪಟ್ಟಿಯಲ್ಲ, ಪ್ರಸಿದ್ಧ ಹೆಸರುಗಳ ಪಟ್ಟಿ. ಇದರಂತೆ ಹೊರಟರೆ ದಿನ ಬಿಟ್ಟು ದಿನ ಕಾರಿನಲ್ಲಿ ಕೂರುತ್ತೀರಿ, ಪ್ರತಿ ಕೋರ್ಸಿನಲ್ಲೂ ಹೊಸಬರಾಗಿಯೇ ಇಳಿದು ಹೊಸಬರಾಗಿಯೇ ಹೊರಡುತ್ತೀರಿ. ಲಿಂಕ್ಸ್ ಆಟದ ನಿಜವಾದ ರುಚಿ ಹತ್ತುವುದು ಎರಡನೆಯ ಸುತ್ತಿಗೆ. ನಿನ್ನೆ ಎದುರಾಗಿದ್ದ ಗಾಳಿ ಇಂದು ಬೆನ್ನಿಗೆ ಬಂದು, ಅದೇ ಹೋಲ್ ಬೇರೆಯೇ ಆಗಿ ಕಾಣುವಾಗ. ಆದ್ದರಿಂದ ಒಂದೇ ದಂಡೆಯನ್ನು ಆರಿಸಿಕೊಂಡು, ಒಂದೇ ಊರಿನಲ್ಲಿ ಬಿಡಾರ ಹೂಡಿ, ಒಂದು ದೊಡ್ಡ ಹೆಸರನ್ನೂ ಅದರ ನೆರೆಹೊರೆಯ ನಾಲ್ಕು ಕೋರ್ಸುಗಳನ್ನೂ ಆಡಿ ಬರುವುದು ಲೇಸೆಂದು ನನ್ನ ಅಭಿಪ್ರಾಯ.

ಮಗಳು ಮ್ಯಾಂಚೆಸ್ಟರಿನಲ್ಲಿ ಇರುವುದರಿಂದ ದಂಡೆಯ ಆಯ್ಕೆ ತಾನಾಗಿಯೇ ಆಗಿದೆ. ಲಿವರ್‌ಪೂಲಿನಿಂದ ಉತ್ತರಕ್ಕೆ ಸೌತ್‌ಪೋರ್ಟ್‌ವರೆಗಿನ ಕಡಲಂಚಿನಲ್ಲಿ ಒಳ್ಳೆಯ ಲಿಂಕ್ಸ್‌ಗಳು ಸಾಲಾಗಿ ಕುಳಿತಿವೆ. ಇಂಗ್ಲೆಂಡಿನಲ್ಲಿ ಇಷ್ಟು ಒತ್ತಾಗಿ ಬೇರೆಲ್ಲಿಯೂ ಸಿಗುವುದು ಕಷ್ಟ. ಲಿವರ್‌ಪೂಲ್ ಸೆಂಟ್ರಲ್‌ನಿಂದ ಸೌತ್‌ಪೋರ್ಟ್‌ಗೆ ಹೋಗುವ ಲೋಕಲ್ ರೈಲು ಮುಕ್ಕಾಲು ಗಂಟೆಯ ದಾರಿಯಲ್ಲಿ ಒಂದೊಂದೇ ಕೋರ್ಸನ್ನು ಹಾದುಹೋಗುತ್ತದೆ. ಹಾಲ್ ರೋಡ್ ನಿಲ್ದಾಣದಲ್ಲಿ ಇಳಿದರೆ 1873ರಲ್ಲಿ ಆರಂಭವಾದ ವೆಸ್ಟ್ ಲ್ಯಾಂಕಾಶೈರ್. ಫ್ರೆಶ್‌ಫೀಲ್ಡ್‌ನಲ್ಲಿ ಇಳಿದರೆ ಫಾರ್ಮ್‌ಬಿ. ಹಿಲ್‌ಸೈಡ್ ನಿಲ್ದಾಣದಲ್ಲಿ ಇಳಿದರೆ ಹಿಲ್‌ಸೈಡ್, ಅದರ ಮಗ್ಗುಲಲ್ಲೇ ರಾಯಲ್ ಬರ್ಕ್‌ಡೇಲ್. 1933 ಮತ್ತು 1937ರಲ್ಲಿ ಬ್ರಿಟನ್ ಮತ್ತು ಅಮೆರಿಕ ತಂಡಗಳ ನಡುವಿನ ರೈಡರ್ ಕಪ್ ನಡೆದ ಸೌತ್‌ಪೋರ್ಟ್ ಅಂಡ್ ಏನ್ಸ್‌ಡೇಲ್ ಕೂಡ ಅಲ್ಲಿಂದ ದೂರವಿಲ್ಲ. ಗಾಲ್ಫ್ ಚೀಲ ಹೆಗಲಿಗೆ ಹಾಕಿಕೊಂಡು ರೈಲು ಹತ್ತುವವರು ಅಲ್ಲಿ ಅಪರೂಪವಲ್ಲ.

ಇನ್ನು ದೊಡ್ಡ ಹೆಸರು ಯಾವುದಿರಬೇಕು? ಈ ಭಾಗದಲ್ಲಿ ಓಪನ್ ನಡೆಯುವ ಕೋರ್ಸುಗಳು ಮೂರು: ಬರ್ಕ್‌ಡೇಲ್, ಹಾಯ್‌ಲೇಕ್, ಲಿದಮ್. ಮೂರಕ್ಕೂ ಅದರದೇ ಆದ ಗುಣವಿದೆ, ಅದರದೇ ಆದ ತೊಂದರೆಯೂ ಇದೆ.

ಲಿದಮ್ ಕೋರ್ಸಿನ ಸುತ್ತ ಮನೆಗಳು, ಒಂದು ಬದಿಗೆ ರೈಲು ಹಳಿ. ಕಡಲು ಕಣ್ಣಿಗೆ ಬೀಳುವುದೇ ಇಲ್ಲ. ಮೊದಲ ಹೋಲ್ ಪಾರ್ ಮೂರು, ಅಂದರೆ ಒಂದೇ ಹೊಡೆತಕ್ಕೆ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮುಟ್ಟಿಸಿ, ಒಟ್ಟು ಮೂರು ಹೊಡೆತಗಳಲ್ಲಿ ಮುಗಿಸಬೇಕಾದದ್ದು. ಓಪನ್ ನಡೆಸುವ ಬೇರೆ ಯಾವ ಕೋರ್ಸೂ ಹೀಗೆ ಆರಂಭವಾಗುವುದಿಲ್ಲ. ಬಂಕರುಗಳು, ಅಂದರೆ ಮರಳಿನ ಗುಂಡಿಗಳು, ನೂರೈವತ್ತಕ್ಕೂ ಹೆಚ್ಚು. 1979ರಲ್ಲಿ ಸೆವೆ ಬಾಲೆಸ್ಟೆರೊಸ್ ಕೊನೆಯ ದಿನ ಹದಿನಾರನೆಯ ಹೋಲ್‌ನಲ್ಲಿ ಚೆಂಡನ್ನು ಕಾರುಗಳು ನಿಂತಿದ್ದ ಜಾಗಕ್ಕೆ ಹೊಡೆದು, ಅಲ್ಲಿಂದಲೂ ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಮಾಡಿ ಗೆದ್ದದ್ದು ಇಲ್ಲೇ. 2012ರಲ್ಲಿ ನಮ್ಮ ಜೀವ್ ಮಿಲ್ಖಾ ಸಿಂಗ್ ಜಂಟಿ ಒಂಬತ್ತನೆಯ ಸ್ಥಾನ ಪಡೆದದ್ದೂ ಇಲ್ಲೇ. ಸೌತ್‌ಪೋರ್ಟ್‌ನ ದಂಡೆಯ ಮೇಲೆ ನಿಂತರೆ ಲಿದಮ್ ಇರುವ ಎದುರು ದಡ ಕಾಣುತ್ತದೆ, ಆದರೆ ರಿಬಲ್ ನದಿಯ ಅಳಿವೆ ಅಡ್ಡವಾಗಿರುವುದರಿಂದ ಪ್ರೆಸ್ಟನ್ ಪಟ್ಟಣವನ್ನು ಸುತ್ತಿಕೊಂಡು ಒಂದು ಗಂಟೆ ಕಾರು ಓಡಿಸಬೇಕು. 26ರ ಹ್ಯಾಂಡಿಕ್ಯಾಪಿನವರು ಅಷ್ಟು ಬಂಕರುಗಳ ನಡುವೆ ಸುಖಪಡುವುದು ಕಷ್ಟ. ಅದನ್ನು ಬಿಡಿ.

ಹಾಯ್‌ಲೇಕ್ ನನಗೆ ಬಹಳ ಮೆಚ್ಚಿನದು. 1869ರಲ್ಲಿ ಕುದುರೆ ಓಟದ ಬಯಲಿನಲ್ಲಿ ಅದು ಆರಂಭವಾಯಿತು. ಮೊದಲ ಕೆಲವು ವರ್ಷ ಗಾಲ್ಫೂ ಕುದುರೆ ಓಟವೂ ಒಂದೇ ನೆಲದಲ್ಲಿ ನಡೆದವು. ರೇಸ್‌ಕೋರ್ಸ್ ಪಕ್ಕದಲ್ಲಿ ಗಾಲ್ಫ್ ಆಡಿ ಬೆಳೆದ ಬೆಳಗಾವಿಯವರಿಗೆ ಇದು ಹೊಸ ಸಂಗತಿಯಲ್ಲ. ನಿಮ್ಮ ಮೈದಾನಕ್ಕೆ 2022ರ ಆಗಸ್ಟಿನಲ್ಲಿ ಚಿರತೆ ಬಂದು ಸುತ್ತಲಿನ ಶಾಲೆಗಳಿಗೆಲ್ಲ ರಜೆ ಕೊಡಿಸಿದ್ದನ್ನು ಅಲ್ಲಿಯ ಸದಸ್ಯರಿಗೆ ಹೇಳಿ ನೋಡಿರಿ, ಅವರ ಕುದುರೆಯ ಕತೆ ಸಪ್ಪೆಯಾಗುತ್ತದೆ. 2023ರ ಓಪನ್ ಇಲ್ಲಿ ನಡೆದಾಗ ಶುಭಂಕರ್ ಶರ್ಮಾ ಜಂಟಿ ಎಂಟನೆಯ ಸ್ಥಾನ ಪಡೆದು ಜೀವ್ ಅವರನ್ನು ಒಂದು ಮೆಟ್ಟಿಲು ಹಿಂದಿಕ್ಕಿದರು. ನೆಲ ಸಮತಟ್ಟಾಗಿರುವುದರಿಂದ ಮೊಣಕಾಲಿಗೂ ಹಿತ. ಆದರೆ ಕೋರ್ಸಿನ ಒಳಗೇ ತಗ್ಗು ಬದುವಿನಂಥ ಏರಿಯೊಂದು ಗಡಿಯಾಗಿ ನಿಂತಿದೆ. ಅದನ್ನು ದಾಟಿದ ಚೆಂಡು ಕಣ್ಣೆದುರೇ ಬಿದ್ದಿದ್ದರೂ ಹೊರಗೆ ಹೋದಂತೆಯೇ ಲೆಕ್ಕ. ಮೊದಲ ಸಲ ಹೋದವರಿಗೆ ಅದು ತೀರ ಅನ್ಯಾಯವೆನಿಸುತ್ತದೆ. ಜೊತೆಗೆ, ಹಾಯ್‌ಲೇಕಿನ ಬಯಲು ಮೊದಲ ನೋಟಕ್ಕೆ ಏನನ್ನೂ ತೋರಿಸುವುದಿಲ್ಲ; ಅದರ ಚೆಲುವು ತಿಳಿಯಲು ಎರಡು ಮೂರು ಸುತ್ತು ಬೇಕು.

ಒಂದೇ ಸಲ ಹೋಗುವವರಿಗೆ ನಾನು ಬರ್ಕ್‌ಡೇಲ್ ಅನ್ನೇ ಹೇಳುತ್ತೇನೆ. ಇಲ್ಲಿ ಮರಳಿನ ದಿಬ್ಬಗಳು ಎತ್ತರವಾಗಿವೆ, ಆದರೆ ಫೇರ್‌ವೇಗಳು (ಹುಲ್ಲು ಕತ್ತರಿಸಿದ ಆಟದ ಹಾದಿಗಳು) ಆ ದಿಬ್ಬಗಳ ಮೇಲೆ ಹತ್ತದೆ ನಡುವಿನ ಕಣಿವೆಗಳಲ್ಲಿ ಹರಿದಿವೆ. ಹೀಗಾಗಿ ಗುರಿ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಏರಿಳಿತ ಕಡಿಮೆ, ದಿಬ್ಬಗಳ ಆಕಾರವೂ ಮೊದಲ ನೋಟಕ್ಕೇ ಮನಸ್ಸು ತುಂಬುತ್ತದೆ. 1954ರಿಂದ 2017ರವರೆಗೆ ಹತ್ತು ಓಪನ್‌ಗಳು ಇಲ್ಲಿ ನಡೆದವು. 2026ರ ಓಪನ್ನಿಗೂ ಇದನ್ನೇ ಗೊತ್ತುಮಾಡಿದರು. 1961ರಲ್ಲಿ ಆರ್ನಾಲ್ಡ್ ಪಾಮರ್ ಉದ್ದನೆಯ ಹುಲ್ಲಿನೊಳಗಿಂದ ಚೆಂಡನ್ನು ಕಿತ್ತು ಗ್ರೀನಿಗೆ ಮುಟ್ಟಿಸಿದ ಜಾಗದಲ್ಲಿ ಇಂದಿಗೂ ಒಂದು ಫಲಕವಿದೆ. ಒಂದೇ ಎಚ್ಚರಿಕೆ: ಓಪನ್ ನಡೆಯುವ ವರ್ಷ ಹಲವು ವಾರಗಳ ಕಾಲ ಆ ಕೋರ್ಸಿನಲ್ಲಿ ಹೊರಗಿನವರಿಗೆ ಅವಕಾಶ ಸಿಗುವುದಿಲ್ಲ. ಅಂಥ ವರ್ಷವಾದರೆ ಬರ್ಕ್‌ಡೇಲ್ ಬದಲಿಗೆ ಹಾಯ್‌ಲೇಕ್‌ಗೆ ಬರೆಯಿರಿ.

ಆದರೆ ಮೊದಲ ದಿನವೇ ಬರ್ಕ್‌ಡೇಲ್‌ಗೆ ಹೋಗಬೇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಮೊದಲ ಸಲ ಆ ದಂಡೆಗೆ ಹೋದಾಗ, ಗ್ರೀನಿಗೆ ನೂರ ಮೂವತ್ತು ಗಜ ಉಳಿದಿದ್ದ ಕಡೆ ಊರಿನ ಅಭ್ಯಾಸದಂತೆ ಒಂಬತ್ತನೆಯ ಐರನ್ ಎಂಬ ಕೋಲು ತೆಗೆದು ಚೆಂಡನ್ನು ಎತ್ತರಕ್ಕೆ ಹೊಡೆದೆ. ಚೆಂಡು ಮೇಲೆ ಹೋಗಿ ಗಾಳಿಗೆ ಸಿಕ್ಕು ನಿಂತೇಬಿಟ್ಟಂತಾಯಿತು. ಅನಂತರ ಬಲಕ್ಕೆ ವಾಲಿ, ಮೂವತ್ತು ಗಜ ಹಿಂದಿನ ಬಂಕರಿನೊಳಗೆ ಬಿತ್ತು. ಆ ಬಂಕರು ನಮ್ಮ ಕಡೆಯ ಹಗೇವಿನ ಬಾಯಿಯಂತೆ ಸಣ್ಣದು, ಆಳವಾದದ್ದು. ಎದುರು ಗೋಡೆ ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿ ಕಟ್ಟಿದ್ದು, ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಎರಡು ಸಲ ಮುಂದಕ್ಕೆ ಹೊಡೆದೆ, ಎರಡು ಸಲವೂ ಚೆಂಡು ಗೋಡೆಗೆ ತಾಗಿ ಕಾಲ ಬುಡಕ್ಕೇ ಮರಳಿತು. ಜೊತೆಗೆ ಚೀಲ ಹೊತ್ತು ಬಂದಿದ್ದ ಕ್ಯಾಡಿ ಏನೂ ಮಾತನಾಡದೆ ಬಂದು, ನನ್ನ ಭುಜ ಹಿಡಿದು ಬಂದ ದಾರಿಯ ಕಡೆಗೆ ತಿರುಗಿಸಿ ನಿಲ್ಲಿಸಿದ. ಹಿಂದಕ್ಕೆ ಹೊಡೆದು ಹೊರಬಂದೆ. ಮುಂದಿನ ಹೊಡೆತಕ್ಕೆ ಅವನು ಕೈಗೆ ಕೊಟ್ಟದ್ದು ಪಟರ್, ಗ್ರೀನಿನ ಮೇಲೆ ಚೆಂಡು ಉರುಳಿಸುವ ಕೋಲು. ಗ್ರೀನ್ ಇನ್ನೂ ಇಪ್ಪತ್ತೈದು ಗಜ ಮುಂದಿತ್ತು. ತಮಾಷೆ ಮಾಡುತ್ತಿದ್ದಾನೆಂದುಕೊಂಡೆ. ನೂಕಿದ ಚೆಂಡು ಗುಡ್ಡದಂಥ ಉಬ್ಬೊಂದನ್ನು ಹತ್ತಿ ಇಳಿದು ಕುಳಿಯಿಂದ ಮೂರು ಅಡಿ ದೂರಕ್ಕೆ ಹೋಗಿ ನಿಂತಿತು. ಈ ಪಾಠವನ್ನು ದುಬಾರಿ ಶುಲ್ಕ ಕೊಟ್ಟ ಕೋರ್ಸಿನಲ್ಲಿ ಕಲಿಯುವುದು ನಷ್ಟದ ವ್ಯವಹಾರ, ಬ್ಯಾಂಕಿನಲ್ಲಿದ್ದ ನಿಮಗೆ ಇದನ್ನು ಹೆಚ್ಚು ಹೇಳಬೇಕಿಲ್ಲ.

ಆದ್ದರಿಂದ ಮೊದಲ ಆಟ ವೆಸ್ಟ್ ಲ್ಯಾಂಕಾಶೈರ್‌ನಲ್ಲಿ ಇರಲಿ. ಬಯಲು ನೆಲ, ಗಾಳಿ ಧಾರಾಳ, ಕಲಿಯಲು ತಕ್ಕ ಜಾಗ. ಎರಡನೆಯದು ಫಾರ್ಮ್‌ಬಿ. ಲಿಂಕ್ಸ್‌ನಲ್ಲಿ ಮರವಿರುವುದಿಲ್ಲವೆಂದು ಮೇಲಿನ ಉತ್ತರದಲ್ಲಿ ಬರೆದೆ. ಫಾರ್ಮ್‌ಬಿ ಅದಕ್ಕೆ ಸುಂದರವಾದ ಅಪವಾದ. ಅಲ್ಲಿ ನೆಟ್ಟು ಬೆಳೆಸಿದ ಪೈನ್ ಮರಗಳ ಅಂಚಿನಿಂದ ಆಟ ಹೊರಟು ಕಡಲ ದಿಬ್ಬಗಳ ಕಡೆಗೆ ತೆರೆದುಕೊಂಡು ಮತ್ತೆ ಮರಗಳ ಕಡೆಗೆ ಮರಳುತ್ತದೆ. ಒಂದು ದಿನ ವಿಶ್ರಾಂತಿಯಾದ ಮೇಲೆ ಹಿಲ್‌ಸೈಡ್‌ಗೆ ಹೋಗಿರಿ. ಅದರ ಕೊನೆಯ ಒಂಬತ್ತು ಹೋಲ್‌ಗಳು ಎತ್ತರದ ದಿಬ್ಬಗಳ ನಡುವೆ ಇದ್ದು, ನನ್ನ ಮಟ್ಟಿಗೆ ಆ ಇಡೀ ಸಾಲಿನಲ್ಲಿ ಅವುಗಳನ್ನು ಮೀರಿಸಿದ್ದಿಲ್ಲ. ಆದರೆ ಏರಿಳಿತ ಇರುವುದೂ ಅಲ್ಲೇ, ಮೊಣಕಾಲಿನ ಗೆಳೆಯರು ಅಂದು ಕ್ಯಾಡಿಯನ್ನೋ ತಳ್ಳುವ ಟ್ರಾಲಿಯನ್ನೋ ಮೊದಲೇ ಹೇಳಿಟ್ಟುಕೊಳ್ಳಲಿ. ಬಗ್ಗಿ, ಅಂದರೆ ಕೂತು ಹೋಗುವ ಚಿಕ್ಕ ಗಾಡಿ, ಸಿಗುತ್ತದೆಂದು ನಂಬಿ ಹೋಗುವಂತಿಲ್ಲ. ಲಿಂಕ್ಸ್‌ಗಳಲ್ಲಿ ನಡೆಯುವುದೇ ಪದ್ಧತಿ, ವೈದ್ಯರ ಪತ್ರವಿದ್ದವರಿಗೆ ಮಾತ್ರ ಬಗ್ಗಿ ಕೊಡುವ ಕ್ಲಬ್ಬುಗಳೂ ಇವೆ. ಅದಾದ ಮೇಲೆ ಬರ್ಕ್‌ಡೇಲ್. ಕೊನೆಯಲ್ಲಿ, ಈ ನಾಲ್ಕರಲ್ಲಿ ಹೆಚ್ಚು ಹಿಡಿಸಿದ್ದನ್ನು ಇನ್ನೊಮ್ಮೆ ಆಡಿರಿ.

ಉಳಿದ ದಿನಗಳಲ್ಲಿ ಒಂದನ್ನು ಮರ್ಸಿ ನದಿಯ ಆಚೆಗಿನ ವ್ಯಾಲಸಿಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ನೀವು ಬೆಳಗಾವಿಯಲ್ಲಿ ಭಾನುವಾರದ ಸ್ಪರ್ಧೆಯಲ್ಲಿ ಬಳಸುವ ‘ಸ್ಟೇಬಲ್‌ಫರ್ಡ್’ ಅಂಕಪದ್ಧತಿ ಹುಟ್ಟಿದ್ದು ಅಲ್ಲಿಯ ಗಾಳಿಯಲ್ಲಿ. ಆ ಕ್ಲಬ್ಬಿನ ಸದಸ್ಯರಾಗಿದ್ದ ಶಸ್ತ್ರವೈದ್ಯ ಫ್ರಾಂಕ್ ಸ್ಟೇಬಲ್‌ಫರ್ಡ್ ಎದುರುಗಾಳಿಯಲ್ಲಿ ಒಂದು ಹೋಲ್ ಕೆಟ್ಟರೆ ಇಡೀ ದಿನದ ಲೆಕ್ಕ ಕೆಡುವುದನ್ನು ಕಂಡು ಬೇಸತ್ತು, ಪ್ರತಿ ಹೋಲ್‌ಗೂ ಪ್ರತ್ಯೇಕ ಅಂಕ ಕೊಡುವ ಉಪಾಯ ಮಾಡಿದರು. ಪಾರ್‌ಗೆ ಎರಡು, ಒಂದು ಹೊಡೆತ ಹೆಚ್ಚಾದರೆ ಒಂದು, ಅದಕ್ಕೂ ಮೀರಿದರೆ ಸೊನ್ನೆ; ಚೆಂಡು ಎತ್ತಿಕೊಂಡು ಮುಂದಕ್ಕೆ ನಡೆಯಿರಿ. 1932ರಲ್ಲಿ ವ್ಯಾಲಸಿಯಲ್ಲಿ ಈ ಪದ್ಧತಿಯ ಸ್ಪರ್ಧೆ ನಡೆದು, ಅಲ್ಲಿಂದ ಅದು ಲೋಕವೆಲ್ಲ ಹಬ್ಬಿತು. 20ರ ಮೇಲಿನ ಹ್ಯಾಂಡಿಕ್ಯಾಪಿನವರೆಲ್ಲರೂ ಆ ವೈದ್ಯರಿಗೆ ಋಣಿಗಳು. ನೀವು ಪ್ರವಾಸವಿಡೀ ಅದೇ ಪದ್ಧತಿಯಲ್ಲಿ ಆಡಿರಿ, ಒಟ್ಟು ಹೊಡೆತ ಎಣಿಸಲು ಹೋಗಬೇಡಿ.

ಬಿಟ್ಟವುಗಳ ಬಗ್ಗೆ ಎರಡು ಮಾತು. ಸ್ಯಾಂಡ್‌ವಿಚ್ ಅನ್ನು ಬಿಡಲು ಹೇಳುವುದು ಅದು ಕಡಿಮೆ ಎಂದಲ್ಲ. 1894ರಲ್ಲಿ ಓಪನ್ ಮೊದಲ ಬಾರಿಗೆ ಸ್ಕಾಟ್ಲೆಂಡ್ ದಾಟಿ ಬಂದದ್ದು ಅಲ್ಲಿಯ ಸೇಂಟ್ ಜಾರ್ಜಸ್‌ಗೆ. ಅದರ ಮಗ್ಗುಲಲ್ಲಿ ಪ್ರಿನ್ಸಸ್, 1932ರಲ್ಲಿ ಜೀನ್ ಸರಾಜೆನ್ ತಾವೇ ರೂಪಿಸಿದ, ಬಂಕರಿನಿಂದ ಚೆಂಡು ಎತ್ತುವ ಸ್ಯಾಂಡ್ ವೆಜ್ ಎಂಬ ಕೋಲು ಹಿಡಿದು ಓಪನ್ ಗೆದ್ದ ಕೋರ್ಸು; ಇನ್ನೊಂದು ಮಗ್ಗುಲಿನ ಡೀಲ್ ಊರಿನಲ್ಲಿ 1909 ಮತ್ತು 1920ರ ಓಪನ್ ನಡೆದ ರಾಯಲ್ ಸಿಂಕ್ ಪೋರ್ಟ್ಸ್. ಮೂರೂ ಒಂದೇ ದಂಡೆಯಲ್ಲಿ ಸಾಲಾಗಿವೆ. ನಿಮ್ಮ ಮಗಳು ಲಂಡನ್ನಿನಲ್ಲಿ ಇದ್ದಿದ್ದರೆ ಇಡೀ ಉತ್ತರವನ್ನು ತಿರುವಿ, ಡೀಲ್‌ನಲ್ಲಿ ಬಿಡಾರ ಹೂಡಿ ಎನ್ನುತ್ತಿದ್ದೆ. ಬ್ರಾಂಕಾಸ್ಟರ್‌ನ ರಾಯಲ್ ವೆಸ್ಟ್ ನಾರ್ಫೋಕ್ ಕ್ಲಬ್ಬಿಗೆ ಹೋಗುವ ರಸ್ತೆ ದೊಡ್ಡ ಉಬ್ಬರದ ಹೊತ್ತಿಗೆ ನೀರಿನಡಿ ಮುಳುಗುತ್ತದೆ, ಉಬ್ಬರದ ವೇಳಾಪಟ್ಟಿ ನೋಡದೆ ಹೊರಟವರು ಒಳಗೋ ಹೊರಗೋ ಸಿಕ್ಕಿಕೊಳ್ಳುತ್ತಾರೆ. ಅಲ್ಲಿ ನಾಲ್ವರು ನಾಲ್ಕು ಚೆಂಡಿನಲ್ಲಿ ಆಡುವ ವಾಡಿಕೆಯೂ ಇಲ್ಲ. ನಿಮ್ಮ ತಂಡಕ್ಕೆ ಅದು ಹೊಂದುವುದಿಲ್ಲ.

ಕೊನೆಗೂ ಒಂದು ದೂರದ ಹೆಸರು ಬೇಕೇ ಬೇಕೆನಿಸಿದರೆ, ಸಾಂಟನ್ ಜೊತೆಗೆ ಅದರ ಎದುರು ದಡದ ವೆಸ್ಟ್‌ವರ್ಡ್ ಹೋ ಊರನ್ನೂ ಸೇರಿಸಿ ಮೂರು ದಿನ ಮೀಸಲಿಡಿ. ಇಲ್ಲವಾದರೆ ಎರಡನ್ನೂ ಬಿಡಿ. ಸಾಂಟನ್‌ನಲ್ಲಿ ಎರಡು ಪೂರ್ಣ ಕೋರ್ಸುಗಳಿವೆ, ಎರಡೂ ಗಟ್ಟಿ. ಆದರೆ ನನ್ನ ಮನಸ್ಸು ಓಡುವುದು ವೆಸ್ಟ್‌ವರ್ಡ್ ಹೋ ಕಡೆಗೆ. 1864ರಲ್ಲಿ ಆರಂಭವಾದ ಅಲ್ಲಿಯ ರಾಯಲ್ ನಾರ್ತ್ ಡೆವನ್, ಇಂಗ್ಲೆಂಡಿನಲ್ಲಿ ಮೊದಲಿನ ನೆಲದಲ್ಲೇ ಇಂದಿಗೂ ಆಡುತ್ತಿರುವ ಅತಿ ಹಳೆಯ ಕೋರ್ಸು. ಆ ನೆಲ ನಮ್ಮ ಗೋಮಾಳ ಇದ್ದಂತೆ. ಊರಿನವರಿಗೆ ಅಲ್ಲಿ ದನ ಕುರಿ ಮೇಯಿಸುವ ಹಕ್ಕು ಇದೆ. ಫೇರ್‌ವೇ ಮೇಲೆ ಕುರಿ ಮಲಗಿರುತ್ತದೆ, ಕುದುರೆ ಗ್ರೀನಿನ ಹತ್ತಿರ ಬಂದು ನಿಂತು ನಿಮ್ಮ ಆಟವನ್ನು ನೋಡುತ್ತದೆ. ದಿಬ್ಬಗಳು ಕಡಿಮೆ, ಮೊದಲಿಗೆ ಬರೀ ಬಯಲೆನಿಸುತ್ತದೆ. ನಡುನಡುವೆ ಸೂಜಿಯಂಥ ಮೊನೆಯ ಆಳೆತ್ತರದ ಜೊಂಡು, ಅದರೊಳಗೆ ಹೋದ ಚೆಂಡನ್ನು ಮರೆತುಬಿಡಬೇಕು. ಪಕ್ಕದ ನಾರ್ಥಮ್ ಹಳ್ಳಿಯಲ್ಲಿ 1871ರಲ್ಲಿ ಬಡ ಮನೆಯಲ್ಲಿ ಹುಟ್ಟಿದ ಜೆ.ಎಚ್. ಟೇಲರ್ ಇಲ್ಲಿ ಹುಡುಗನಾಗಿದ್ದಾಗ ಕ್ಯಾಡಿಯಾಗಿ ಚೀಲ ಹೊತ್ತವರು. 1894ರ ಸ್ಯಾಂಡ್‌ವಿಚ್ ಓಪನ್ ಗೆದ್ದವರು ಅವರೇ. ಮುಂದೆ ಒಟ್ಟು ಐದು ಸಲ ಗೆದ್ದು, ಇಳಿವಯಸ್ಸಿನಲ್ಲಿ ತಾವು ಚೀಲ ಹೊತ್ತ ಅದೇ ಕ್ಲಬ್ಬಿನ ಅಧ್ಯಕ್ಷರಾದರು.

ಹೊರಡುವ ಮುನ್ನ ಮಾಡಬೇಕಾದ ಕೆಲಸ ಹೆಚ್ಚಿಲ್ಲ. ಇವೆಲ್ಲ ಸದಸ್ಯರ ಕ್ಲಬ್ಬುಗಳು. ಹೊರಗಿನವರಿಗೆ ವಾರದ ಕೆಲವು ದಿನ, ಕೆಲವು ಗಂಟೆ ಮಾತ್ರ ಮೀಸಲಿಟ್ಟಿರುತ್ತಾರೆ. ಬರ್ಕ್‌ಡೇಲ್‌ಗೆ ಆರು ತಿಂಗಳಿಗೂ ಮೊದಲೇ ಇ-ಮೇಲ್ ಬರೆದು, ಅದು ಕೊಟ್ಟ ದಿನಾಂಕದ ಸುತ್ತ ಉಳಿದವನ್ನು ಹೆಣೆಯಿರಿ. ನಿಮ್ಮ ಹ್ಯಾಂಡಿಕ್ಯಾಪ್ ಪ್ರಮಾಣಪತ್ರಗಳು ಕೈಯಲ್ಲಿರಲಿ; ಕೆಲವೆಡೆ ಇಂತಿಷ್ಟಕ್ಕಿಂತ ಹೆಚ್ಚಿದ್ದರೆ ಬಿಡುವುದಿಲ್ಲ, 26ರವರ ವಿಷಯವನ್ನು ಮೊದಲ ಪತ್ರದಲ್ಲೇ ಕೇಳಿಬಿಡಿ. ಓಪನ್ ಕೋರ್ಸುಗಳಲ್ಲಿ ಬೇಸಿಗೆಯ ಒಂದು ಸುತ್ತಿಗೆ ತಲೆಗೆ ಮುನ್ನೂರು ಪೌಂಡಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಆಗುತ್ತದೆ, ನೆರೆಯ ಕೋರ್ಸುಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುವುದರಿಂದ, ಸಂಜೆಯ ರಿಯಾಯಿತಿ ದರ ಇಟ್ಟಿರುವ ಕಡೆ ನಾಲ್ಕು ಗಂಟೆಗೆ ಹೊರಟರೂ ಹದಿನೆಂಟು ಹೋಲ್ ಮುಗಿಯುತ್ತವೆ. ಕೊಡೆ ಒಯ್ಯಬೇಡಿ, ಆಷಾಢದ ಗಾಳಿಗೆ ಸವದತ್ತಿ ಗುಡ್ಡದ ಮೇಲೆ ಕೊಡೆ ಬಿಚ್ಚಿದ ಹಾಗಾಗುತ್ತದೆ. ಮಳೆಯ ಅಂಗಿ, ಮಳೆಯ ಪ್ಯಾಂಟು, ಉಣ್ಣೆಯ ಟೊಪ್ಪಿಗೆ ಸಾಕು. ಚೀಲದ ಪಕ್ಕದ ಜೇಬಿನಲ್ಲಿ ನಾಲ್ಕು ಶೇಂಗಾ ಹೋಳಿಗೆ ಇಟ್ಟುಕೊಂಡಿದ್ದರೆ ಹನ್ನೆರಡನೆಯ ಹೋಲ್ ಹೊತ್ತಿಗೆ ಅದರ ಬೆಲೆ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ನಿವೃತ್ತಿಯ ನಂತರ ಗಾಲ್ಫ್ ಹುಚ್ಚು ಹಿಡಿದಿದೆ. ಇಂಗ್ಲೆಂಡಿನ ಸಮುದ್ರದಂಡೆಗೆ ಆಡಲು ಹೋಗೋಣವೆನ್ನುತ್ತಾರೆ, ‘ಹೋಗೋಣ’ ಎಂದರೆ ಅವರು ಆಡುವುದು, ನಾನು ಕಾಯುವುದು. ನಾನು ಆಡುವವಳಲ್ಲ. ಊರನ್ನು ನಾನೇ ಆರಿಸಿದರೆ ಅವರಿಗೂ ಆಟ ಸಿಗಬೇಕು, ನನ್ನ ದಿನವೂ ವ್ಯರ್ಥವಾಗಬಾರದು. ಅಂಥ ಊರು ಇದೆಯೇ?
– ಗೃಹಿಣಿ, ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ಅಮ್ಮಾ, ಊರನ್ನು ನೀವು ಆರಿಸುವುದೇ ಸರಿ. ಗಾಲ್ಫಿಗರು ಕೋರ್ಸು ನೋಡಿ ಊರು ಗೊತ್ತುಮಾಡಿದರೆ, ಕೋರ್ಸಿನ ಆಚೆ ಏನೂ ಇಲ್ಲದ ಕಡೆಗೆ ಹೋಗಿ ಇಳಿಯುತ್ತಾರೆ.

ಮೇಲಿನ ಉತ್ತರದಲ್ಲಿ ಹೇಳಿದ ಸೌತ್‌ಪೋರ್ಟ್ ನಿಮಗೂ ಹೊಂದುತ್ತದೆ, ಏಕೆಂದರೆ ಅವರ ರೈಲೇ ನಿಮ್ಮ ರೈಲೂ ಹೌದು. ಊರಿನ ನಡುವಿನ ಲಾರ್ಡ್ ಸ್ಟ್ರೀಟ್ ನೇರವಾದ ಉದ್ದನೆಯ ಪೇಟೆಬೀದಿ. ಅಂಗಡಿಗಳ ಮುಂದೆ ಕಬ್ಬಿಣ ಮತ್ತು ಗಾಜಿನ ಹಳೆಯ ಚಪ್ಪರ ಸಾಲಾಗಿರುವುದರಿಂದ ಮಳೆ ಬಂದರೂ ಓಡಾಟ ನಿಲ್ಲುವುದಿಲ್ಲ. ಯಜಮಾನರು ಫಾರ್ಮ್‌ಬಿಯಲ್ಲಿ ಆಡುವ ದಿನ ನೀವೂ ಫ್ರೆಶ್‌ಫೀಲ್ಡ್‌ನಲ್ಲಿಯೇ ಇಳಿದು ಪೈನ್ ತೋಪಿನ ಕಡೆಗೆ ನಡೆಯಿರಿ. ಇಂಗ್ಲೆಂಡಿನಲ್ಲಿ ಈಗ ಅಪರೂಪವಾಗಿರುವ ಕೆಂಪು ಅಳಿಲುಗಳು ಅಲ್ಲಿ ಉಳಿದುಕೊಂಡಿವೆ. ಕಿವಿಯ ತುದಿಯಲ್ಲಿ ಕೂದಲಿನ ಕುಚ್ಚು ಇರುವ, ಇಟ್ಟಿಗೆ ಬಣ್ಣದ ಈ ಅಳಿಲಿಗೆ ನಮ್ಮ ಅಳಿಲಿನ ಬೆನ್ನಿನ ಮೂರು ಗೆರೆಗಳಿಲ್ಲ. ವೆಸ್ಟ್ ಲ್ಯಾಂಕಾಶೈರ್‌ನಲ್ಲಿ ಆಟವಿದ್ದ ದಿನ ಹತ್ತಿರದ ಕ್ರಾಸ್ಬಿ ಕಡಲತೀರಕ್ಕೆ ಹೋಗಿರಿ. ಆಂಟನಿ ಗಾರ್ಮ್‌ಲಿ ಎಂಬ ಶಿಲ್ಪಿ ತಮ್ಮ ದೇಹದ ಅಚ್ಚಿನಿಂದಲೇ ಎರಕ ಹೊಯ್ಯಿಸಿದ ನೂರು ಕಬ್ಬಿಣದ ಮನುಷ್ಯರು ಕಡಲಿನತ್ತ ಮುಖ ಮಾಡಿ ಅಲ್ಲಿ ನಿಂತಿದ್ದಾರೆ. ಉಬ್ಬರ ಏರಿದಂತೆ ಒಬ್ಬೊಬ್ಬರೇ ಕತ್ತಿನವರೆಗೆ ಮುಳುಗುತ್ತಾರೆ, ಇಳಿತದಲ್ಲಿ ಮತ್ತೆ ಎದ್ದು ಬರುತ್ತಾರೆ. ದೂರದವರನ್ನು ಮುಟ್ಟಲು ಹೋಗಬೇಡಿ, ಕೆಸರಿನಲ್ಲಿ ಕಾಲು ಹೂತುಕೊಳ್ಳುತ್ತದೆ.

ಸ್ಯಾಂಡ್‌ವಿಚ್ ಇರುವ ಕೆಂಟ್ ಕಡೆಗೆ ಹೋಗುವುದಾದರೆ ಡೀಲ್ ಅನ್ನು ಆರಿಸಿರಿ. ಎಂಟನೆಯ ಹೆನ್ರಿ ಕಟ್ಟಿಸಿದ ಕೋಟೆ, ಬೆಣಚುಕಲ್ಲಿನ ದಂಡೆ, ನಡೆದು ಮುಗಿಸಬಹುದಾದಷ್ಟು ಚಿಕ್ಕ ಊರು. ಯಜಮಾನರಿಗೆ ಪಕ್ಕದಲ್ಲೇ ಮೂರು ಕೋರ್ಸು.

ಆಡುವವಳಲ್ಲ ಎಂದು ಬರೆದಿದ್ದೀರಿ, ಆದರೂ ಒಂದು ವಿಷಯ ತಿಳಿಸುತ್ತೇನೆ. ಫಾರ್ಮ್‌ಬಿ ಕೋರ್ಸಿನ ಒಡಲಲ್ಲಿಯೇ ಫಾರ್ಮ್‌ಬಿ ಲೇಡೀಸ್ ಎಂಬ, ಮಹಿಳೆಯರೇ ನಡೆಸುವ ಪ್ರತ್ಯೇಕ ಕ್ಲಬ್ಬು ಮತ್ತು ಪ್ರತ್ಯೇಕ ಕೋರ್ಸು 1896ರಿಂದಲೂ ಇದೆ. ಬ್ರಿಟನ್ನಿನ ಮಹಿಳಾ ಚಾಂಪಿಯನ್‌ಷಿಪ್ ಮೊದಲು ನಡೆದದ್ದು 1893ರಲ್ಲಿ, ಅದೇ ಲಿದಮ್ ಕ್ಲಬ್ಬಿನ ನೆಲದಲ್ಲಿ. 2018ರ ಮಹಿಳಾ ಓಪನ್ ಕೂಡ ಲಿದಮ್‌ನಲ್ಲೇ ನಡೆದು ಇಂಗ್ಲೆಂಡಿನ ಜಾರ್ಜಿಯಾ ಹಾಲ್ ಗೆದ್ದರು. ಹೀಗಿದ್ದರೂ ಸ್ಯಾಂಡ್‌ವಿಚ್‌ನ ರಾಯಲ್ ಸೇಂಟ್ ಜಾರ್ಜಸ್ ಮಹಿಳೆಯರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲು ಒಪ್ಪಿದ್ದು 2015ರಲ್ಲಿ! ಯಜಮಾನರು ಆ ಕ್ಲಬ್ಬನ್ನು ಹೊಗಳುವಾಗ ಈ ಇಸವಿಯನ್ನು ನೆನಪು ಮಾಡಿಕೊಡಿ.

ಒಂದು ದಿನ ಅವರ ಜೊತೆಗೆ ಕೋರ್ಸಿನಲ್ಲಿ ನಡೆಯಬೇಕೆನಿಸಿದರೆ, ಆಡದವರು ಜೊತೆಗೆ ನಡೆಯಲು ಅನೇಕ ಕ್ಲಬ್ಬುಗಳು ಒಪ್ಪುತ್ತವೆ. ಕಾಯ್ದಿರಿಸುವ ಪತ್ರದಲ್ಲಿಯೇ ಕೇಳಿಸಿ. ಹದಿನೆಂಟು ಹೋಲ್ ಎಂದರೆ ಏಳೆಂಟು ಕಿಲೋಮೀಟರಿಗೂ ಮೇಲಾಗುತ್ತದೆ, ಮರಳು ನೆಲವಾದರೂ ಬೆಳಗಿನ ಹುಲ್ಲು ಒದ್ದೆಯಿರುತ್ತದೆ. ಚಪ್ಪಲಿ ಬೇಡ, ನೀರು ತಡೆಯುವ ಬೂಟು ಕೊಳ್ಳಿರಿ, ಅದರ ಖರ್ಚನ್ನು ಗಾಲ್ಫ್ ಲೆಕ್ಕಕ್ಕೇ ಬರೆಸಿರಿ.